ಬಾಗಿದ ವಾಲ್ವ್, ನೇರ ಮಾತು: ಆಂಪ್ಲಿಫೈಯರ್ ಡಿಸ್ಟಾರ್ಶನ್ ಇಳಿಸಿದ ನೂರು ವರ್ಷದ ಕಥೆ

ಈ ಸಲದ ವಿಡಿಯೋ ಮಾತನ್ನು ಎಂದಿನಂತೆ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕ ಇಲ್ಲಿ ಮಾತಿನಲ್ಲೇ ಬಂದಿದೆ.

ನಮ್ಮ ಆಫೀಸುಗಳಲ್ಲಿ ಅಪ್ರೈಸಲ್ ಕಾಲದಲ್ಲಿ "ನೆಗೆಟಿವ್ ಫೀಡ್‌ಬ್ಯಾಕ್" ಅಂದರೆ ಸಾಕು, ಮುಖ ಸಪ್ಪಗಾಗುತ್ತೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಮಾತ್ರ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಉಪಾಯ ಇನ್ನೊಂದಿಲ್ಲ ಅಂತಲೇ ಹೇಳಬಹುದು. ಅದು ಹುಟ್ಟಿದ್ದು ಒಂದು ಸರಳ ತೊಂದರೆಯಿಂದ: ಧ್ವನಿಯನ್ನು ದೊಡ್ಡದು ಮಾಡಲು ಹೋದರೆ ಧ್ವನಿ ಕೆಡುತ್ತೆ. ಊರ ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್ ನೆನಪಿಸಿಕೊಳ್ಳಿ. ವಾಲ್ಯೂಮ್ ಏರಿಸಿದಷ್ಟೂ ಹಾಡು ಹೋಗಿ ಕಿರುಚಾಟ ಉಳಿಯುತ್ತೆ. ಒಳಗೆ ಹೋದ ಅಲೆಯ ಆಕಾರ ಒಂದು, ಹೊರಗೆ ಬಂದದ್ದು ಇನ್ನೊಂದು. ಈ ವ್ಯತ್ಯಾಸಕ್ಕೇ ಡಿಸ್ಟಾರ್ಶನ್ ಅನ್ನೋದು. ಅದನ್ನು ಇಳಿಸಿದವರು ಯಾರು, ಹೇಗೆ ಇಳಿಸಿದರು, ದಾರಿಯಲ್ಲಿ ಎಲ್ಲೆಲ್ಲಿ ಎಡವಿದರು ಅನ್ನೋದು ಇವತ್ತಿನ ಮಾತು.

ಜೆರಾಕ್ಸ್‌ನ ಜೆರಾಕ್ಸ್

1915ರ ಜನವರಿ 25ರಂದು ನ್ಯೂಯಾರ್ಕಿನಲ್ಲಿ ಕೂತ ಅಲೆಕ್ಸಾಂಡರ್ ಗ್ರಹಾಂ ಬೆಲ್, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ತಮ್ಮ ಹಳೆಯ ಸಹಾಯಕ ಥಾಮಸ್ ವಾಟ್ಸನ್ ಜೊತೆ ಫೋನಿನಲ್ಲಿ ಮಾತಾಡಿದರು. 1876ರಲ್ಲಿ ಪಕ್ಕದ ಕೋಣೆಯಿಂದ ಕರೆದ ಹಾಗೆಯೇ ಮತ್ತೆ ಕರೆದಾಗ, ಈಗ ಬರೋದಕ್ಕೆ ಒಂದು ವಾರ ಬೇಕಾಗುತ್ತೆ ಅಂತ ವಾಟ್ಸನ್ ತಮಾಷೆ ಮಾಡಿದರಂತೆ. ಅಮೆರಿಕದ ಈ ತುದಿಯಿಂದ ಆ ತುದಿಗೆ ಎಳೆದ ಆ ಲೈನಿಗೆ 1,30,000 ಕಂಬ, 2,500 ಟನ್ ತಾಮ್ರ ಹಿಡಿದಿತ್ತು. ಮೊದಲ 3 ನಿಮಿಷದ ಮಾತಿಗೆ ದರ 20 ಡಾಲರ್ 70 ಸೆಂಟ್. ಮನೆಯವರ ದನಿ ಕೇಳಬೇಕು ಅಂದರೆ ಆ ಕಾಲದಲ್ಲಿ ಅಷ್ಟು ತೆರಬೇಕಿತ್ತು.

ಇಷ್ಟು ದೂರ ಹೋಗುವಾಗ ತಂತಿಯಲ್ಲಿ ಧ್ವನಿ ಸೊರಗುತ್ತೆ. ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ರಿಪೀಟರ್, ಅಂದರೆ ವಾಲ್ವ್ ಇರುವ ಆಂಪ್ಲಿಫೈಯರ್, ಇಟ್ಟು ಮತ್ತೆ ಬಲ ತುಂಬುತ್ತಿದ್ದರು. ಆದರೆ ವಾಲ್ವ್ ನೇರ ಮನುಷ್ಯ ಅಲ್ಲ! ಒಳಗೆ ಎರಡು ಪಟ್ಟು ಕೊಟ್ಟರೆ ಹೊರಗೆ ಸರಿಯಾಗಿ ಎರಡು ಪಟ್ಟು ಕೊಡಲ್ಲ, ಒಂಚೂರು ಹೆಚ್ಚು ಇಲ್ಲವೇ ಕಡಿಮೆ. ಗ್ರಾಫ್ ಹಾಕಿದರೆ ಗೆರೆ ನೆಟ್ಟಗಿರದೆ ಬಾಗಿರುತ್ತೆ. ಒಂದೇ ರಿಪೀಟರ್ ಆದರೆ ಕಿವಿಗೆ ಗೊತ್ತಾಗದಿರಬಹುದು. ಆದರೆ ಜೆರಾಕ್ಸ್‌ನ ಜೆರಾಕ್ಸ್ ಮಾಡಿಸಿ, ಅದರ ಮೇಲೆ ಇನ್ನೊಂದು ಜೆರಾಕ್ಸ್ ಮಾಡಿಸಿ ನೋಡಿ. ಹತ್ತನೆಯ ಪ್ರತಿ ಓದೋಕೆ ಆಗಲ್ಲ. ಪ್ರತಿ ಸಲ ಸೇರಿದ ಕೊಳೆಯನ್ನೂ ಮುಂದಿನ ಯಂತ್ರ ಶ್ರದ್ಧೆಯಿಂದ ನಕಲು ಮಾಡುತ್ತೆ.

ಇದರ ಜೊತೆಗೆ ಇನ್ನೊಂದು ತೊಂದರೆ. ಒಂದು ಜೋಡಿ ತಂತಿಯಲ್ಲಿ ಒಂದೇ ಮಾತುಕತೆ ಕಳಿಸಿದರೆ ಅಷ್ಟು ತಾಮ್ರ ದಂಡ. ಅದಕ್ಕೇ ಬೇರೆ ಬೇರೆ ಫ್ರೀಕ್ವೆನ್ಸಿಗಳ ಮೇಲೆ ಹಲವು ಮಾತುಕತೆಗಳನ್ನು ಕೂರಿಸಿ ಒಟ್ಟಿಗೆ ಕಳಿಸುವ ಕ್ಯಾರಿಯರ್ ಪದ್ಧತಿ ಶುರುವಾಯಿತು. ಈಗ ಒಂದು ಆಂಪ್ಲಿಫೈಯರ್ ಎಲ್ಲರ ಮಾತನ್ನೂ ಒಟ್ಟಿಗೆ ಹೊರಬೇಕು. ಅದರ ಗೆರೆ ಬಾಗಿದ್ದರೆ ಒಳಗೆ ಹೋದ ಫ್ರೀಕ್ವೆನ್ಸಿಗಳು ಒಂದರೊಳಗೊಂದು ಬೆರೆಯುತ್ತವೆ. 10 ಕಿಲೋಹರ್ಟ್ಸ್ ಮತ್ತು 14 ಕಿಲೋಹರ್ಟ್ಸ್ ಒಳಗೆ ಹಾಕಿದರೆ, ಯಾರೂ ಹಾಕದ 6 ಕಿಲೋಹರ್ಟ್ಸ್ ಮತ್ತು 18 ಕಿಲೋಹರ್ಟ್ಸ್ ಕೂಡ ಹೊರಗೆ ಬರುತ್ತವೆ. ಅಲ್ಲಿ ಇನ್ಯಾರದೋ ಮಾತು ನಡೀತಾ ಇರುತ್ತೆ. ಅವರ ಕಿವಿಗೆ ನಿಮ್ಮ ಮಾತಿನ ಚೂರು ಬೀಳುತ್ತೆ. ಅಂದರೆ ಡಿಸ್ಟಾರ್ಶನ್ ಈಗ ನಿಮ್ಮ ದನಿ ಕೆಟ್ಟ ಪ್ರಶ್ನೆಯಾಗಿ ಉಳಿಯಲಿಲ್ಲ, ಪಕ್ಕದವರ ಮನೆಗೆ ನುಗ್ಗಿದ ಪ್ರಶ್ನೆಯಾಯಿತು.

ಎರಡು ಉಪಾಯ, ನಾಲ್ಕು ವರ್ಷದ ಅಂತರ

1921ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ 23 ವರ್ಷದ ಹುಡುಗ ವೂಸ್ಟರ್ ಪಾಲಿಟೆಕ್ನಿಕ್‌ನಿಂದ ಪಾಸಾಗಿ, ನ್ಯೂಯಾರ್ಕಿನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸೇರಿದ. ಅಲ್ಲಿನ ಪ್ರಯೋಗಾಲಯವೇ 1925ರಲ್ಲಿ ಬೆಲ್ ಲ್ಯಾಬ್ಸ್ ಆಯಿತು. ಸುತ್ತ ಎಲ್ಲರೂ ಮಾಡುತ್ತಿದ್ದ ಕೆಲಸ ಒಂದೇ: ಇನ್ನೂ ಒಳ್ಳೆಯ, ಇನ್ನೂ ನೆಟ್ಟಗಿನ ವಾಲ್ವ್ ತಯಾರಿಸೋದು. ಬ್ಲ್ಯಾಕ್ ಲೆಕ್ಕ ಹಾಕಿ ನೋಡಿದರು. ದೇಶದುದ್ದಕ್ಕೂ ಸಾಲಾಗಿ ಇಡುವ ರಿಪೀಟರ್‌ಗಳಿಗೆ ಬೇಕಾಗುವಷ್ಟು ನೆಟ್ಟಗಿನ ವಾಲ್ವ್ ಈ ದಾರಿಯಲ್ಲಿ ಹೋದರೆ ಸಿಗುವುದೇ ಇಲ್ಲ ಅಂತ ತೋರಿತು.

1977ರಲ್ಲಿ ತಮ್ಮ ನೆನಪುಗಳನ್ನು ಬರೆದಾಗ ಬ್ಲ್ಯಾಕ್ ಹೇಳಿದ ಪ್ರಕಾರ, 1923ರ ಮಾರ್ಚ್ 16ರಂದು ಅವರು ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅವರ ಉಪನ್ಯಾಸ ಕೇಳಿದರು. ಸ್ಟೈನ್‌ಮೆಟ್ಜ್ ಯಾವ ವಿಷಯವನ್ನೂ ಬೇರಿಗೆ ಹೋಗಿ ಹಿಡಿಯುತ್ತಿದ್ದ ರೀತಿ ಇವರ ಮನಸ್ಸಿಗೆ ನಾಟಿತು. ಆ ರಾತ್ರಿ ಬ್ಲ್ಯಾಕ್ ಪ್ರಶ್ನೆಯನ್ನೇ ಬದಲಾಯಿಸಿಕೊಂಡರು. ವಾಲ್ವ್ ಕೆಟ್ಟದ್ದು ಅಂತಲೇ ಒಪ್ಪಿಕೊಳ್ಳೋಣ. ಹಾಗಾದರೆ ಹೊರಬಂದ ಸಿಗ್ನಲ್‌ನಿಂದ ಕೊಳೆಯನ್ನು ಮಾತ್ರ ಬೇರೆ ಮಾಡಿ ತೆಗೆಯೋದು ಹೇಗೆ?

ಉತ್ತರ ಸರಳವಾಗಿತ್ತು. ಆಂಪ್ಲಿಫೈಯರ್ ಸಿಗ್ನಲ್‌ನ್ನು 1,000 ಪಟ್ಟು ಮಾಡುತ್ತೆ ಅಂದುಕೊಳ್ಳಿ. ಹೊರಬಂದದ್ದರ 1,000ದ ಒಂದು ಪಾಲು ತೆಗೆದುಕೊಂಡು, ಮೂಲ ಸಿಗ್ನಲ್‌ನ್ನು ಅದರಿಂದ ಕಳೆಯಿರಿ. ಆಂಪ್ಲಿಫೈಯರ್ ಪ್ರಾಮಾಣಿಕವಾಗಿದ್ದರೆ ಉತ್ತರ ಸೊನ್ನೆ. ಏನಾದರೂ ಉಳಿದರೆ ಅದು ಶುದ್ಧ ಡಿಸ್ಟಾರ್ಶನ್. ಅದನ್ನು ಇನ್ನೊಂದು ಸಣ್ಣ ಆಂಪ್ಲಿಫೈಯರ್‌ನಲ್ಲಿ ದೊಡ್ಡದು ಮಾಡಿ, ಹೊರಗಿನ ಸಿಗ್ನಲ್‌ನಿಂದ ಕಳೆದುಬಿಡಿ. ಇದೇ ಫೀಡ್‌ಫಾರ್ವರ್ಡ್. ಮರುದಿನವೇ ಲ್ಯಾಬಿನಲ್ಲಿ ಜೋಡಿಸಿದರು, ಕೆಲಸವೂ ಮಾಡಿತು.

ಆದರೆ ಬಾಳಿಕೆ ಬರಲಿಲ್ಲ. ಕಳೆಯುವ ಲೆಕ್ಕ ಸರಿ ಬರಬೇಕಾದರೆ ಎರಡೂ ದಾರಿಗಳ ಅಳತೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ವಾಲ್ವ್ ಬಿಸಿಯಾದರೆ, ಬ್ಯಾಟರಿ ಸ್ವಲ್ಪ ಇಳಿದರೆ ಸಮತೋಲ ತಪ್ಪುತ್ತಿತ್ತು. ಗಂಟೆಗೊಮ್ಮೆ, ಹಗಲೂ ರಾತ್ರಿ, ಯಾರಾದರೂ ಬಂದು ಫಿಲಮೆಂಟ್ ಕರೆಂಟನ್ನು ಸರಿ ಮಾಡಬೇಕಾಗಿತ್ತು ಅಂತ ಬ್ಲ್ಯಾಕ್ ಬರೆದಿದ್ದಾರೆ. ಇಪ್ಪತ್ತನಾಲ್ಕು ಗಂಟೆಯ ಆನ್‌ಕಾಲ್ ಸಪೋರ್ಟ್ ಇಲ್ಲದೆ ನಡೆಯದ ಸಿಸ್ಟಂ! ಮರುಭೂಮಿಯ ನಡುವಿನ ರಿಪೀಟರ್ ಗುಡಿಸಲಿಗೆ ಅದು ಒಗ್ಗುವ ವಸ್ತುವಲ್ಲ. ಪೇಟೆಂಟ್ ಸಿಕ್ಕಿತು, ಉಪಾಯ ಕಪಾಟು ಸೇರಿತು. ಇದನ್ನು ನೆನಪಿಟ್ಟುಕೊಳ್ಳಿ, ಇದು ಮತ್ತೆ ಬರುತ್ತೆ.

ನಾಲ್ಕು ವರ್ಷ ಕಳೆದು, 1927ರ ಆಗಸ್ಟ್ 2ರ ಬೆಳಿಗ್ಗೆ ಬ್ಲ್ಯಾಕ್ ಹಡ್ಸನ್ ನದಿ ದಾಟುವ ಲ್ಯಾಕವಾನಾ ಫೆರಿಯಲ್ಲಿ ಕೆಲಸಕ್ಕೆ ಹೋಗ್ತಾ ಇದ್ದರು. ಅಲ್ಲೇ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್‌ನ ಹಾಳೆಯ ಮೇಲೆ ಚಿತ್ರ, ಸಮೀಕರಣ ಬರೆದು ಸಹಿ ಹಾಕಿದರು. ಹೊರಬಂದ ಸಿಗ್ನಲ್‌ನ ಒಂದು ಪಾಲನ್ನು ಹಿಂದಕ್ಕೆ ತಂದು, ತಿರುಗುಮುರುಗಾಗಿ ಒಳಬಾಗಿಲಲ್ಲೇ ಸೇರಿಸಿದರೆ? ಕಳೆಯುವ ಕೆಲಸವೂ ಅಲ್ಲೇ, ತಿದ್ದುವ ಕೆಲಸವೂ ಅದೇ ಆಂಪ್ಲಿಫೈಯರ್‌ನದು. ಇದು ನೆಗೆಟಿವ್ ಫೀಡ್‌ಬ್ಯಾಕ್.

ನಮ್ಮ ಸಂಗೀತ ಗೊತ್ತಿರುವವರಿಗೆ ಇದು ಹೊಸದಲ್ಲ. ಹಾಡುವವರು ಪಕ್ಕದ ತಂಬೂರಿಯ ಶ್ರುತಿ ಕೇಳ್ತಾ, ತಮ್ಮ ದನಿಯನ್ನೂ ಕೇಳ್ತಾ, ಎರಡರ ನಡುವಿನ ವ್ಯತ್ಯಾಸವನ್ನು ಹಾಡುತ್ತಲೇ ಸರಿಪಡಿಸಿಕೊಳ್ತಾರೆ. ಗಂಟಲು ಯಂತ್ರದಷ್ಟು ನಿಖರ ಇರಬೇಕಾಗಿಲ್ಲ. ತಂಬೂರಿ ನಿಖರ ಇರಬೇಕು, ಕಿವಿ ಎಚ್ಚರವಿರಬೇಕು.

ಚೌಕಾಸಿಯ ಲೆಕ್ಕ

ಈಗ ಬೋರ್ಡ್ ಮೇಲಿನ ಲೆಕ್ಕ. ಒಂದು ಆಂಪ್ಲಿಫೈಯರ್ ಸಿಗ್ನಲ್‌ನ್ನು 10,00,000 ಪಟ್ಟು ಮಾಡುತ್ತೆ ಅನ್ನಿ. ಹೊರಬಂದದ್ದರ 1,000ದ ಒಂದು ಪಾಲನ್ನು ಹಿಂದಕ್ಕೆ ತಂದು ಒಳಗಿನದರಿಂದ ಕಳೆಯಿರಿ. ಆಗ ಒಟ್ಟು ಗೇನ್ ಸುಮಾರು 999ಕ್ಕೆ ಇಳಿಯುತ್ತೆ. ಹತ್ತು ಲಕ್ಷ ಎಲ್ಲಿ, ಒಂದು ಸಾವಿರ ಎಲ್ಲಿ? ದೊಡ್ಡ ನಷ್ಟದ ಹಾಗೆ ಕಾಣುತ್ತೆ. ಈಗ ವಾಲ್ವ್ ಹಳೆಯದಾಗಿ ಅದರ ಗೇನ್ ಅರ್ಧಕ್ಕೆ, 5,00,000ಕ್ಕೆ, ಬಿತ್ತು ಅನ್ನಿ. ಒಟ್ಟು ಗೇನ್ ಎಷ್ಟಾಗುತ್ತೆ? 998. ಒಳಗಿನ ಯಂತ್ರ ಅರ್ಧ ಸತ್ತಿದ್ದರೂ ಹೊರಗಿನವರಿಗೆ ಶೇಕಡಾ 0.1ರಷ್ಟೇ ವ್ಯತ್ಯಾಸ. ಡಿಸ್ಟಾರ್ಶನ್ ಕೂಡ ಇದೇ ಲೆಕ್ಕದಲ್ಲಿ, ಹತ್ತಿರ ಹತ್ತಿರ ಸಾವಿರ ಪಟ್ಟು ಇಳಿಯುತ್ತೆ.

ಅಂದರೆ ಬ್ಲ್ಯಾಕ್ ಮಾಡಿದ್ದು ಒಂದು ವ್ಯಾಪಾರ. ವಾಲ್ವ್‌ನಿಂದ ಸುಲಭವಾಗಿ ಸಿಗುತ್ತಿದ್ದ ಗೇನ್ ಕೊಟ್ಟು, ಯಾವ ಬೆಲೆಗೂ ಸಿಗದಿದ್ದ ನೇರತನ ತಂದರು. 1927ರ ಡಿಸೆಂಬರ್ 29ರಂದು ಲ್ಯಾಬಿನಲ್ಲಿ 4ರಿಂದ 45 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಡಿಸ್ಟಾರ್ಶನ್ 1,00,000ಕ್ಕೆ 1ರ ಪ್ರಮಾಣಕ್ಕೆ ಇಳಿದದ್ದನ್ನು ಅಳೆದು ತೋರಿಸಿದರು.

ಇಷ್ಟಾದರೂ ಜನ ಒಪ್ಪಲಿಲ್ಲ. ಕಾರಣ ಅರ್ಥ ಆಗುವಂಥದ್ದೇ. ಆ ಕಾಲದ ಎಂಜಿನಿಯರ್‌ಗಳಿಗೆ ಗೇನ್ ಅಂದರೆ ಬೆವರು ಸುರಿಸಿ ಗಳಿಸಿದ ಆಸ್ತಿ. ಅದನ್ನು ಸಾವಿರ ಪಟ್ಟು ಬಿಸಾಡು ಅಂದರೆ ಯಾರು ಕೇಳ್ತಾರೆ? ಜೊತೆಗೆ, ಹೊರಗಿನದನ್ನು ಒಳಕ್ಕೆ ತಂದರೆ ಆಂಪ್ಲಿಫೈಯರ್ ಕಿರುಚುತ್ತೆ ಅನ್ನೋದು ಎಲ್ಲರ ಅನುಭವ. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕೊಯ್ಯೋ ಅನ್ನುತ್ತಲ್ಲ, ಅದೇ. ಸಂಶೋಧನಾ ನಿರ್ದೇಶಕರು ಇದನ್ನು ಬಿಟ್ಟು ಮಾಮೂಲಿ ಆಂಪ್ಲಿಫೈಯರ್ ಮಾಡಲು ಹೇಳಿದರು ಅಂತ ಬ್ಲ್ಯಾಕ್ ನೆನಪಿಸಿಕೊಂಡಿದ್ದಾರೆ. ಬ್ರಿಟನ್ನಿನ ಪೇಟೆಂಟ್ ಕಚೇರಿ ಇದನ್ನು ತಾನೇ ತಾನಾಗಿ ಸದಾ ತಿರುಗುವ ಯಂತ್ರದ ಸಾಲಿಗೆ ಸೇರಿಸಿ ನೋಡಿತಂತೆ. ಅಮೆರಿಕದಲ್ಲಿ 1928ರ ಆಗಸ್ಟ್‌ನಲ್ಲಿ ಹಾಕಿದ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರ ಡಿಸೆಂಬರ್ 21ರಂದು. ಒಂಬತ್ತು ವರ್ಷ!

ಗೀಸರ್ ನಲ್ಲಿಯ ಪಾಠ

ಆದರೆ ಒಪ್ಪದವರ ಭಯದಲ್ಲಿ ಹುರುಳಿತ್ತು. ನೆಗೆಟಿವ್ ಫೀಡ್‌ಬ್ಯಾಕ್ ಆಂಪ್ಲಿಫೈಯರ್‌ಗಳು ನಿಜವಾಗಿಯೂ ಕಿರುಚುತ್ತಿದ್ದವು. ಯಾವುದು ಕಿರುಚುತ್ತೆ, ಯಾವುದು ಸುಮ್ಮನಿರುತ್ತೆ ಅಂತ ಮೊದಲೇ ಹೇಳುವ ದಾರಿ ಇರಲಿಲ್ಲ.

ಪಿಜಿಯ ಬಾತ್‌ರೂಮಿನಲ್ಲಿ ಹೊಸದಾಗಿ ಸ್ನಾನಕ್ಕೆ ಹೋದವರ ಪಾಡು ನೆನೆಯಿರಿ. ನೀರು ತಣ್ಣಗಿದೆ ಅಂತ ಬಿಸಿ ನಲ್ಲಿ ತಿರುಗಿಸ್ತೀರಿ. ಏನೂ ಆಗಲ್ಲ. ಇನ್ನಷ್ಟು ತಿರುಗಿಸ್ತೀರಿ. ಆಮೇಲೆ ಒಮ್ಮೆಗೇ ಸುಡುನೀರು! ಗಾಬರಿಯಲ್ಲಿ ಪೂರ್ತಿ ತಣ್ಣೀರಿಗೆ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಮೈ ನಡುಗುತ್ತೆ. ನೀವು ತಿದ್ದುತ್ತಿದ್ದದ್ದು ಸರಿಯಾದ ದಿಕ್ಕಿನಲ್ಲೇ, ಆದರೆ ತಿದ್ದುಪಡಿ ತಡವಾಗಿ ತಲುಪ್ತಾ ಇತ್ತು. ತಡವಾದ ತಿದ್ದುಪಡಿ ತಪ್ಪನ್ನು ಹೆಚ್ಚು ಮಾಡುತ್ತೆ. ಆಂಪ್ಲಿಫೈಯರ್‌ನಲ್ಲೂ ಹಾಗೇ. ಸಿಗ್ನಲ್ ಒಂದು ಸುತ್ತು ಹಾಕಿ ಬರೋದಕ್ಕೆ ಸಮಯ ಹಿಡಿಯುತ್ತೆ. ಯಾವುದೋ ಎತ್ತರದ ಫ್ರೀಕ್ವೆನ್ಸಿಯಲ್ಲಿ ಆ ತಡ ಅರ್ಧ ಅಲೆಯಷ್ಟಾಗಿ, ಕಳೆಯಬೇಕಾದದ್ದು ಕೂಡುತ್ತೆ.

ಇದಕ್ಕೆ ಗಣಿತದ ಉತ್ತರ ಕೊಟ್ಟವರು ಹ್ಯಾರಿ ನೈಕ್ವಿಸ್ಟ್. ಸ್ವೀಡನ್ನಿನಲ್ಲಿ ಹುಟ್ಟಿ, 1907ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ಅವರ 1932ರ ಪ್ರಬಂಧ, ಸುತ್ತಿನ ಗೇನ್ ಮತ್ತು ತಡ ಎರಡನ್ನೂ ಒಂದೇ ಚಿತ್ರದಲ್ಲಿ ಬರೆದು ನೋಡಿದರೆ ಆಂಪ್ಲಿಫೈಯರ್ ಕಿರುಚುತ್ತೋ ಇಲ್ಲವೋ ಮೊದಲೇ ಹೇಳಬಹುದು ಅಂತ ತೋರಿಸಿತು. ಆಮೇಲೆ ಹೆಂಡ್ರಿಕ್ ಬೋಡಿ 1940ರ ಪ್ರಬಂಧದಲ್ಲಿ, 1945ರ ಪುಸ್ತಕದಲ್ಲಿ, ಗೇನ್ ಎಷ್ಟು ಬೇಗ ಇಳಿಸ್ತೀರೋ ಅಷ್ಟು ತಡ ತಾನಾಗಿ ಬಂದು ಸೇರುತ್ತೆ ಅನ್ನೋ ನಂಟನ್ನು ಬಿಡಿಸಿಟ್ಟರು. ಹಾಗಾಗಿ ಫೀಡ್‌ಬ್ಯಾಕ್ ಬೇಕಾದಷ್ಟು ಹಾಕಿಕೊಳ್ಳುವ ವಸ್ತುವಲ್ಲ, ಅದಕ್ಕೊಂದು ಮಿತಿ ಇದೆ, ಆ ಮಿತಿಯನ್ನು ಲೆಕ್ಕ ಹಾಕಬಹುದು ಅಂತ ಗೊತ್ತಾಯಿತು.

ಫೆರಿಯ ಕಥೆ ಹೇಳೋಕೆ ಚೆನ್ನಾಗಿದೆ, ನಾನೂ ಹೇಳಿದೆ. ಆದರೆ ಫೆರಿಯ ಹಾಳೆಯಿಂದ ದೇಶದ ಲೈನಿಗೆ ಹೋಗುವ ದಾರಿಯಲ್ಲಿ ಈ ಇಬ್ಬರ ಗಣಿತ ಇರದಿದ್ದರೆ ಬ್ಲ್ಯಾಕ್ ಅವರ ಆಂಪ್ಲಿಫೈಯರ್ ಲ್ಯಾಬಿನ ಬೆರಗಾಗಿ ಉಳಿಯುತ್ತಿತ್ತು. 1941ರಲ್ಲಿ ವಿಸ್ಕಾನ್ಸಿನ್‌ನ ಸ್ಟೀವನ್ಸ್ ಪಾಯಿಂಟ್‌ನಿಂದ ಮಿನಿಯಾಪೊಲಿಸ್‌ಗೆ ಕೋಆಕ್ಸಿಯಲ್ ಕೇಬಲ್ ಸೇವೆ ಶುರುವಾಯಿತು. ನೂರಾರು ಮಾತುಕತೆಗಳು ಒಂದೇ ದಾರಿಯಲ್ಲಿ, ಒಂದರ ಮೇಲೊಂದು ಬೀಳದೆ ಸಾಗಿದ್ದು ಇಂಥ ಫೀಡ್‌ಬ್ಯಾಕ್ ಆಂಪ್ಲಿಫೈಯರ್‌ಗಳಿಂದ.

ಮನೆಗೆ ಬಂದ ಆಂಪ್ಲಿಫೈಯರ್, ಮೋಸ ಮಾಡಿದ ಅಂಕಿ

ಟೆಲಿಫೋನಿನಿಂದ ಈ ಉಪಾಯ ಸಂಗೀತಕ್ಕೆ ಬಂತು. 1947ರಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಒಂದು ವಾಲ್ವ್ ಆಂಪ್ಲಿಫೈಯರ್‌ನ ವಿವರ ಬರೆದರು. 15 ವಾಟ್ ಶಕ್ತಿ, ಡಿಸ್ಟಾರ್ಶನ್ ಶೇಕಡಾ 0.1ಕ್ಕಿಂತ ಕಡಿಮೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ್ನೂ ಒಳಗೆ ಸೇರಿಸಿ ಪೂರ್ತಿ ಆಂಪ್ಲಿಫೈಯರ್ ಸುತ್ತ 20 ಡೆಸಿಬೆಲ್ ಫೀಡ್‌ಬ್ಯಾಕ್ ಹಾಕಿದ್ದರು. ಎಷ್ಟೋ ದೇಶಗಳಲ್ಲಿ ಹವ್ಯಾಸಿಗಳು ಮನೆಯಲ್ಲೇ ಕೂತು ಅದನ್ನು ಜೋಡಿಸಿದರು.

ಆಮೇಲೆ ಟ್ರಾನ್ಸಿಸ್ಟರ್ ಬಂತು, ತೊಂದರೆಯೂ ಬಂತು. ಹೆಚ್ಚು ಶಕ್ತಿ ಬೇಕು, ಬಿಸಿ ಕಡಿಮೆ ಆಗಬೇಕು ಅಂತ ಕ್ಲಾಸ್ ಬಿ ಪದ್ಧತಿ ಹಿಡಿದರು. ಅದರಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಪಾಳಿಯಲ್ಲಿ ದುಡೀತವೆ: ಅಲೆಯ ಮೇಲಿನ ಅರ್ಧ ಒಂದರದು, ಕೆಳಗಿನ ಅರ್ಧ ಇನ್ನೊಂದರದು. ಶಿಫ್ಟ್‌ನಲ್ಲಿ ಕೆಲಸ ಮಾಡಿದವರಿಗೆ ಮುಂದಿನದು ಗೊತ್ತೇ ಇದೆ. ಹ್ಯಾಂಡೋವರ್ ಹೊತ್ತಿನಲ್ಲಿ ಬಂದ ಟಿಕೆಟ್ ಯಾರದ್ದೂ ಅಲ್ಲ! ಒಂದು ಟ್ರಾನ್ಸಿಸ್ಟರ್ ಮನೆಗೆ ಹೊರಟಿದೆ, ಇನ್ನೊಂದು ಇನ್ನೂ ಲಾಗಿನ್ ಆಗಿಲ್ಲ. ಆ ಸಂದಿಯಲ್ಲಿ ಅಲೆ ಮುರಿಯುತ್ತೆ. ಇದಕ್ಕೆ ಕ್ರಾಸ್‌ಓವರ್ ಡಿಸ್ಟಾರ್ಶನ್ ಅಂತ ಹೆಸರು.

ಫೀಡ್‌ಬ್ಯಾಕ್ ಇದೆಯಲ್ಲ, ಅದು ತಿದ್ದುತ್ತೆ ಅಂತ ನೀವು ಕೇಳಬಹುದು. ಇಲ್ಲೇ ಸೂಕ್ಷ್ಮ ಇರೋದು. ಫೀಡ್‌ಬ್ಯಾಕ್ ತಿದ್ದುವುದು ಹೆಚ್ಚುವರಿ ಗೇನ್ ಖರ್ಚು ಮಾಡಿ. ಎರಡೂ ಟ್ರಾನ್ಸಿಸ್ಟರ್ ಸುಮ್ಮನಾದ ಆ ಕ್ಷಣದಲ್ಲಿ ಗೇನ್ ಕುಸಿದಿರುತ್ತೆ. ಖರ್ಚು ಮಾಡೋಕೆ ಜೇಬಿನಲ್ಲಿ ಏನೂ ಇಲ್ಲದಾಗ ತಿದ್ದುವುದು ಹೇಗೆ? ಎಲ್ಲಿ ಹೆಚ್ಚು ಬೇಕೋ ಅಲ್ಲೇ ಫೀಡ್‌ಬ್ಯಾಕ್ ಬಡವಾಗುತ್ತೆ.

ಇನ್ನೂ ದೊಡ್ಡ ಮೋಸ ಅಳತೆಯದು. ವಾಲ್ವ್‌ನ ಡಿಸ್ಟಾರ್ಶನ್ ವಾಲ್ಯೂಮ್ ಇಳಿಸಿದರೆ ಇಳಿಯುತ್ತಿತ್ತು. ಈ ಹ್ಯಾಂಡೋವರ್ ಸಂದಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತೆ, ಹಾಗಾಗಿ ಸಣ್ಣ ಸಿಗ್ನಲ್‌ನಲ್ಲಿ ಅದರ ಪಾಲು ದೊಡ್ಡದಾಗುತ್ತೆ. ಪೂರ್ತಿ ಶಕ್ತಿಯಲ್ಲಿ ಅಳೆದರೆ ಕಾಗದದ ಮೇಲೆ ಅಂದವಾದ ಅಂಕಿ ಬರುತ್ತೆ. ಆದರೆ ರಾತ್ರಿ ಹೊತ್ತು ಮೆಲ್ಲಗೆ ವೀಣೆ ಹಾಕಿಕೊಂಡು ಕೂತವರ ಕಿವಿಗೆ ಗರಗರ. ಜೊತೆಗೆ ಇದರಿಂದ ಹುಟ್ಟುವ ಹಾರ್ಮೋನಿಕ್‌ಗಳು ಮೇಲಿನ ಸಂಖ್ಯೆಯವು, ಏಳನೆಯದು, ಒಂಬತ್ತನೆಯದು, ಹೀಗೆ. ಕಿವಿಗೆ ಎರಡನೆಯ ಹಾರ್ಮೋನಿಕ್‌ಗಿಂತ ಇವು ಬಹಳ ಹೆಚ್ಚು ಚುಚ್ಚುತ್ತವೆ. ಬಿಬಿಸಿಯ ಡಿ. ಇ. ಎಲ್. ಶಾರ್ಟರ್ 1950ರಲ್ಲೇ, ಮೇಲಿನ ಹಾರ್ಮೋನಿಕ್‌ಗಳಿಗೆ ಹೆಚ್ಚು ತೂಕ ಕೊಟ್ಟು ಅಳೆಯಬೇಕು ಅಂತ ಸೂಚಿಸಿದ್ದರು. ಆದರೂ ಮಾರಾಟದ ಕಾಗದದಲ್ಲಿ ಉಳಿದದ್ದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ ಒಂದೇ ಶೇಕಡಾ ಅಂಕಿ.

ಆ ಅಂಕಿಗಾಗಿ ಪೈಪೋಟಿ ನಡೆಯಿತು. ಫೀಡ್‌ಬ್ಯಾಕ್ ಹೆಚ್ಚು ಮಾಡಿ, ಅಂಕಿ ಇಳಿಸಿ! 1970ರಲ್ಲಿ ಫಿನ್ಲೆಂಡಿನ ಮಟ್ಟಿ ಒಟಾಲಾ ಒಂದು ಪ್ರಬಂಧದಲ್ಲಿ ಎಚ್ಚರಿಸಿದರು: ನಿಂತ ಸ್ವರದ ಮೇಲೆ ಅಳೆದರೆ ಚೆನ್ನಾಗಿ ಕಾಣುವ ಆಂಪ್ಲಿಫೈಯರ್, ತಟ್ಟನೆ ಏರುವ ಸಿಗ್ನಲ್ ಬಂದಾಗ ಒಳಗೇ ತುಂಬಿ ತುಳುಕಿ ಮುಗ್ಗರಿಸಬಹುದು. ಅಲ್ಲಿಂದ ಫೀಡ್‌ಬ್ಯಾಕ್ ಅಂದರೇ ಕೆಟ್ಟದ್ದು ಅನ್ನೋ ಒಂದು ಪಂಥವೇ ಹುಟ್ಟಿತು. ಆದರೆ ಆಮೇಲಿನ ಕೆಲಸ, ತಪ್ಪು ಫೀಡ್‌ಬ್ಯಾಕ್‌ನ ಪ್ರಮಾಣದ್ದಲ್ಲ, ಮೊದಲ ಹಂತಗಳು ಸಾಕಷ್ಟು ವೇಗವಾಗಿ ಓಡಲಾರದ್ದು ಅಂತ ತೋರಿಸಿತು. 1978ರಲ್ಲಿ ಪೀಟರ್ ಬ್ಯಾಕ್ಸಾಂಡಲ್ ಇನ್ನೊಂದು ಸ್ವಾರಸ್ಯ ತೋರಿಸಿದರು. ಫೀಡ್‌ಬ್ಯಾಕ್ ಸ್ವಲ್ಪವೇ ಹಾಕಿದರೆ ಮೊದಲು ಇರದಿದ್ದ ಮೇಲಿನ ಹಾರ್ಮೋನಿಕ್‌ಗಳು ಹುಟ್ಟಿಕೊಳ್ಳುತ್ತವೆ. ಧಾರಾಳವಾಗಿ ಹಾಕಿದರೆ ಅವೂ ಇಳಿಯುತ್ತವೆ. ಅರೆಮನಸ್ಸಿನ ತಿದ್ದುಪಡಿ ಹೊಸ ತಪ್ಪು ತರುತ್ತೆ ಅನ್ನೋದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

ಕಪಾಟಿನಿಂದ ಎದ್ದು ಬಂದ ಉಪಾಯ

1923ರ ಫೀಡ್‌ಫಾರ್ವರ್ಡ್ ನೆನಪಿದೆಯಲ್ಲ? 1975ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ 405 ಆಂಪ್ಲಿಫೈಯರ್‌ನಲ್ಲಿ ಅದು ವೇಷ ಬದಲಿಸಿ ಬಂತು. ಅಲ್ಲಿ ಮೂಟೆ ಹೊರುವ ದೊಡ್ಡ ಟ್ರಾನ್ಸಿಸ್ಟರ್‌ಗಳು ಒರಟಾಗಿಯೇ ಇರುತ್ತವೆ. ಪಕ್ಕದಲ್ಲಿ ಒಂದು ಸಣ್ಣ, ಅಚ್ಚುಕಟ್ಟಾದ ಆಂಪ್ಲಿಫೈಯರ್. ಹ್ಯಾಂಡೋವರ್ ಸಂದಿಯಲ್ಲಿ ದೊಡ್ಡವು ಬಿಟ್ಟ ಅಂತರವನ್ನು ಈ ಸಣ್ಣದು ತುಂಬುತ್ತೆ. ನಾಲ್ಕು ಬಿಡಿಭಾಗಗಳ ಒಂದು ತಕ್ಕಡಿ ಸಮವಾಗಿದ್ದರೆ ಸಾಕು, ದೊಡ್ಡವುಗಳ ಒರಟುತನ ಹೊರಗೆ ಕಾಣಿಸಲ್ಲ. ಇದಕ್ಕೆ ಕರೆಂಟ್ ಡಂಪಿಂಗ್ ಅಂತ ಹೆಸರಿಟ್ಟರು.

ಬೆಲ್ ಲ್ಯಾಬ್ಸ್‌ನಲ್ಲೇ 1970ರ ಆಸುಪಾಸಿನಲ್ಲಿ ಹೆರಾಲ್ಡ್ ಸೀಡೆಲ್ ಫೀಡ್‌ಫಾರ್ವರ್ಡ್ ಮೇಲೆ ಹೊಸ ಪ್ರಯೋಗ ನಡೆಸಿದರು. ಮುಂದೆ ಮೊಬೈಲ್ ಟವರ್‌ಗಳ ಕಾಲ ಬಂದಾಗ, ಹಲವು ಕ್ಯಾರಿಯರ್ ಒಟ್ಟಿಗೆ ಹೊರುವ ಆಂಪ್ಲಿಫೈಯರ್‌ಗಳಲ್ಲಿ ಅದೇ ಉಪಾಯ ಕೂತಿತು. 1923ರಲ್ಲಿ ಗಂಟೆಗೊಮ್ಮೆ ಮನುಷ್ಯ ಬಂದು ಮಾಡಬೇಕಿದ್ದ ಹೊಂದಾಣಿಕೆಯನ್ನು ಈಗ ಚಿಪ್ ತಾನೇ ಮಾಡುತ್ತಿತ್ತು. ಉಪಾಯದಲ್ಲಿ ತಪ್ಪಿರಲಿಲ್ಲ. ಅದನ್ನು ಕಾಯುವವರು ಹುಟ್ಟಿರಲಿಲ್ಲ, ಅಷ್ಟೇ.

ಟವರ್‌ನಲ್ಲಿ ಬ್ಲ್ಯಾಕ್ ಅವರ ಫೆರಿಯ ಉಪಾಯ ಯಾಕೆ ನಡೆಯಲಿಲ್ಲ? ಗೀಸರ್ ನಲ್ಲಿ ನೆನಪಿಸಿಕೊಳ್ಳಿ. ಇಂದಿನ 5ಜಿ ಸಿಗ್ನಲ್‌ನ ಅಗಲ 100 ಮೆಗಾಹರ್ಟ್ಸ್ ಇರಬಹುದು. 100 ಮೆಗಾಹರ್ಟ್ಸ್‌ನ ಒಂದು ಅಲೆಗೆ ಸಿಗುವ ಸಮಯ 10 ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಹೋಗುವುದು 3 ಮೀಟರ್. ಆಂಪ್ಲಿಫೈಯರ್ ದಾಟಿ, ಫಿಲ್ಟರ್ ದಾಟಿ, ಸುತ್ತಿ ಬರುವಷ್ಟರಲ್ಲಿ ತಿದ್ದಬೇಕಾದ ಕ್ಷಣ ಕಳೆದೇ ಹೋಗಿರುತ್ತೆ.

ಹಾಗಂತ ಸುಮ್ಮನಿರೋಕೂ ಆಗಲ್ಲ. ನೂರಾರು ಸಣ್ಣ ಅಲೆಗಳನ್ನು ಕೂಡಿಸಿದ ಈ ಸಿಗ್ನಲ್ ಕೆಲವು ಕ್ಷಣ ಸರಾಸರಿಗಿಂತ ಹತ್ತು ಪಟ್ಟು ಶಕ್ತಿಗೆ ಜಿಗಿಯಬಲ್ಲದು. ಆ ಜಿಗಿತಕ್ಕೂ ಬಾಗದಂಥ ದೊಡ್ಡ ಆಂಪ್ಲಿಫೈಯರ್ ಇಟ್ಟರೆ ಮಿಕ್ಕ ಹೊತ್ತೆಲ್ಲ ವಿದ್ಯುತ್ ಬಿಸಿಯಾಗಿ ಹೋಗುತ್ತೆ. ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಮೇಲೆ ನಿಲ್ಲುವ ನಮ್ಮ ಟವರ್‌ಗಳಲ್ಲಿ ಅದು ನೇರ ದುಡ್ಡಿನ ಲೆಕ್ಕ. ಇದಕ್ಕೇ ಬೆಲ್ ಲ್ಯಾಬ್ಸ್‌ನ ವಿಲಿಯಂ ಡೊಹರ್ಟಿ 1936ರಲ್ಲಿ ರೇಡಿಯೋ ಕೇಂದ್ರಗಳಿಗೆಂದು ಮಾಡಿದ ಆಂಪ್ಲಿಫೈಯರ್ ಮತ್ತೆ ಟವರ್ ಏರಿತು. ವಿದ್ಯುತ್ ಉಳಿಸುತ್ತೆ, ಆದರೆ ಸಿಗ್ನಲ್ ಬಾಗಿಸುತ್ತೆ. ಬಾಗಿದ ಸಿಗ್ನಲ್ ಪಕ್ಕದ ಚಾನೆಲ್‌ಗೆ ಸೋರುತ್ತೆ. 4ಜಿ ಬೇಸ್ ಸ್ಟೇಷನ್‌ಗೆ ಇರುವ ನಿಯಮದಲ್ಲಿ ಆ ಸೋರಿಕೆ 45 ಡೆಸಿಬೆಲ್ ಕೆಳಗಿರಬೇಕು, ಅಂದರೆ ಸುಮಾರು 31,600ರಲ್ಲಿ ಒಂದು ಪಾಲು. ನೂರು ವರ್ಷದ ಹಿಂದಿನ ಅದೇ ಪಕ್ಕದ ಮನೆಯ ಜಗಳ.

ಈಗಿನ ಪರಿಹಾರ ಸಾಫ್ಟ್‌ವೇರ್‌ನಲ್ಲಿದೆ. ಬೈಕ್ ಎಡಕ್ಕೆ ಎಳೆಯುತ್ತೆ ಅಂತ ಗೊತ್ತಿದ್ದವನು ಹ್ಯಾಂಡಲ್‌ನ್ನು ಮೊದಲೇ ಚೂರು ಬಲಕ್ಕೆ ಹಿಡಿದಿರ್ತಾನೆ. ಹಾಗೆ ಆಂಪ್ಲಿಫೈಯರ್ ಹೇಗೆ ಬಾಗಿಸುತ್ತೋ ಅದಕ್ಕೆ ಉಲ್ಟಾ ಆಗಿ ಸಿಗ್ನಲ್‌ನ್ನು ಡಿಜಿಟಲ್ ಹಂತದಲ್ಲೇ ಬಗ್ಗಿಸಿ ಕಳಿಸ್ತಾರೆ. ಎರಡು ಬಾಗು ಸೇರಿ ನೆಟ್ಟಗಾಗುತ್ತೆ. ಇದಕ್ಕೆ ಡಿಜಿಟಲ್ ಪ್ರಿಡಿಸ್ಟಾರ್ಶನ್ ಅಂತಾರೆ. ಆಂಪ್ಲಿಫೈಯರ್ ಬಿಸಿಯಾದ ಹಾಗೆ ಅದರ ಬಾಗು ಬದಲಾಗುತ್ತೆ. ಅದಕ್ಕೇ ಪಕ್ಕದಲ್ಲೊಂದು ರಿಸೀವರ್ ಕೂತು ಹೊರಹೋದದ್ದನ್ನು ಕೇಳ್ತಾ, ಕಳಿಸಬೇಕೆಂದದ್ದರ ಜೊತೆ ಹೋಲಿಸ್ತಾ, ಲೆಕ್ಕದ ಅಂಕಿಗಳನ್ನು ತಿದ್ದುತ್ತಲೇ ಇರುತ್ತೆ. ಈ ಕ್ಷಣವನ್ನು ತಿದ್ದಲಾಗದಿದ್ದರೇನು, ಕಲಿತದ್ದನ್ನು ಮುಂದಿನ ಕ್ಷಣಕ್ಕೆ ಬಳಸಬಹುದು. ಫೀಡ್‌ಬ್ಯಾಕ್ ಹೋಗಲಿಲ್ಲ, ಅದರ ನಡಿಗೆ ನಿಧಾನವಾಯಿತು.

ಈ ಪೂರ್ತಿ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. ಈ ನೂರು ವರ್ಷದಲ್ಲಿ ಯಾರೂ ಬಾಗದ ವಾಲ್ವ್ ಮಾಡಲಿಲ್ಲ, ಬಾಗದ ಟ್ರಾನ್ಸಿಸ್ಟರ್ ಮಾಡಲಿಲ್ಲ. ಫೀಡ್‌ಬ್ಯಾಕ್, ಫೀಡ್‌ಫಾರ್ವರ್ಡ್, ಪ್ರಿಡಿಸ್ಟಾರ್ಶನ್ ಮೂರರಲ್ಲೂ ದುಡಿಯುವ ಭಾಗ ಒರಟಾಗಿದ್ದರೆ ನಡೆಯುತ್ತೆ. ಹೋಲಿಸುವ ಭಾಗ ಒರಟಾದರೆ ಎಲ್ಲ ಕೆಟ್ಟಿತು. ಮೇಲಿನ ಲೆಕ್ಕದಲ್ಲಿ ಹತ್ತು ಲಕ್ಷ ಗೇನ್‌ನ ವಾಲ್ವ್ ಅರ್ಧ ಸತ್ತರೂ ಫಲಿತಾಂಶ ಅಲುಗಲಿಲ್ಲ. ಆದರೆ ಆ ಸಾವಿರದ ಒಂದು ಪಾಲನ್ನು ಅಳೆದು ಕೊಡುವ ಎರಡು ಪುಟ್ಟ ರೆಸಿಸ್ಟರ್‌ಗಳು ಶೇಕಡಾ 1ರಷ್ಟು ಸುಳ್ಳು ಹೇಳಿದರೆ, ಇಡೀ ಆಂಪ್ಲಿಫೈಯರ್ ಶೇಕಡಾ 1ರಷ್ಟು ಸುಳ್ಳು ಹೇಳುತ್ತೆ. ಟ್ರಾನ್ಸಿಸ್ಟರ್ ಕಾಲದಲ್ಲಿ ಆದ ಮೋಸವೂ ಇದೇ ಜಾತಿಯದು: ಯಂತ್ರಕ್ಕಿಂತ ಹೆಚ್ಚಾಗಿ ಅಳತೆಗೋಲು ಕೆಟ್ಟಿತ್ತು, ಜನ ಅದನ್ನೇ ನಂಬಿದರು. ಡ್ಯಾಶ್‌ಬೋರ್ಡ್ ನೋಡಿ ದಿನ ಕಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮನ ದನಿ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿದರೆ, ದಾರಿಯ ಟವರ್‌ನಲ್ಲಿ ಒಂದು ಒರಟು ಆಂಪ್ಲಿಫೈಯರ್ ದುಡೀತಾ ಇದೆ, ಪಕ್ಕದಲ್ಲಿ ಅದನ್ನು ಎಡೆಬಿಡದೆ ಕೇಳಿಸಿಕೊಂಡು ತಿದ್ದುವ ಒಂದು ಕಿವಿ ಇದೆ ಅಂತ ತಿಳಿಯಿರಿ. ನಿಮ್ಮಲ್ಲಿ ಯಾರಾದರೂ ಆ ಕಿವಿಯ ಕೋಡ್ ಬರೆಯೋ ಕೆಲಸದಲ್ಲಿದ್ದರೆ ನನಗೆ ಬರೆದು ತಿಳಿಸಿ, ನಿಮ್ಮ ಅನುಭವ ಕೇಳೋಕೆ ಕಾಯ್ತಾ ಇರ್ತೀನಿ.